ಏಳು ಕೆಜಿ

ಮುಹರ್ರಕ್ಕಿನ ನಮ್ಮ ತಾರಸಿಯ ಮೇಲೆ
ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತವೆ.
ಒಣಹಾಕಿದ ಅಂಗಿ ಅದುರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ.
ಸದ್ದು ದಾಟಿದ ಮೇಲೆ ಗೊಲ್ಲಾಳ
ನಿಲ್ಲಿಸಿದಲ್ಲಿಂದಲೇ ಎತ್ತಿಕೊಳ್ಳುತ್ತಾನೆ:
"…ನೂರಾ ಹದಿನೆಂಟು ದಿನಾರ. ಒಬ್ಬರಿಗೆ. ಹೋಗಿ ಬರಾಕ."

ಜಾಂಜಿಬಾರ್.
ಆ ಹೆಸರು ಮೊದಲು ಕಂಡದ್ದು ಮಸಾಲೆ ಅಂಗಡಿಯ ಗೋಣಿಯ ಮೇಲೆ.
ಐನೂರು ಫಿಲ್ಸ್‌ಗೆ ಒಂದು ಹಿಡಿ ಲವಂಗ;
ಹಲ್ಲುನೋವೆಂದು ನಾನು ಕಚ್ಚಿದೆ,
ನನ್ನ ನಾಲಿಗೆಗೆ ಜೋಮು ಹಿಡಿಯಿತು, ಇವನಿಗೆ ಹುಚ್ಚು.
ಸೊಳ್ಳೆಪರದೆಯ ಗುಡಿಸಲು, ಬಾಡಿಗೆ ಸ್ಕೂಟರು,
ಹಾಯಿದೋಣಿ ಏರಿ ಮರಳದಿಬ್ಬಕ್ಕೆ,
ಅಲ್ಲಿಂದ ನೀರಿಗೆ ಧುಮುಕಿ ಹವಳ ನೋಡುವುದು.
"ನಾವಿರೂದೂ ದ್ವೀಪನ ಅಲ್ಲೇನು?" ಅಂದೆ.
"ಇದು ಡ್ಯೂಟಿ ದ್ವೀಪ" ಅಂದ.
ಕಾಶೀಬಾಯಿಯನ್ನೇ ಕಟ್ಟಿಕೊಂಡವನಿಗೆ
ಯಾತ್ರೆ ಇನ್ನೂ ಬಾಕಿ ಇದೆಯಂತೆ.

ಕರೆಂಟಿನ ಬಿಲ್ಲಿನ ಬೆನ್ನಿಗೆ ಬರೆಯುತ್ತ ಹೋದೆ.
ನಿಡೋ ಡಬ್ಬಿಯಲ್ಲಿ ಇನ್ನೂರಾ ಆರು.
ಚೀಟಿ ಎತ್ತಿದರೆ ನೂರೈವತ್ತು,
ಅದೂ ಸೆಲಿನಾ ಅಕ್ಕ ಈ ಸಲ ನನಗೆ ಬಿಟ್ಟುಕೊಟ್ಟರೆ.
ಊರಿಗೆ ಕಳಿಸುವುದನ್ನು ಮುಟ್ಟುವಂತಿಲ್ಲ,
ಅದು ಲೆಕ್ಕಕ್ಕೆ ಮೊದಲೇ ಕಳೆದುಹೋದ ಅಂಕಿ.
ಕೈಚೀಲ ಏಳು ಕೆಜಿ ಮಾತ್ರ ಪುಕ್ಕಟೆ ಎಂದು ಓದಿ
ಲಾಂಡ್ರಿಯ ತಕ್ಕಡಿಯಲ್ಲಿ,
ಮ್ಯಾನೇಜರು ನಮಾಜಿಗೆ ಹೋದ ಹೊತ್ತಲ್ಲಿ, ತೂಗಿದೆ:
ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡೂಮುಕ್ಕಾಲು.
ಐದು ದಿನದ ಊಟ ಅದರಲ್ಲೇ.
ಉಳಿದದ್ದರಲ್ಲಿ ನಮ್ಮಿಬ್ಬರ ಲಜ್ಜೆ ಮುಚ್ಚುವಷ್ಟು ಬಟ್ಟೆ.

ಈಜು?
ಅವನು ಕಲಿತದ್ದು ಸಿಂದಗಿ ಕಡೆಯ ಬಾವಿಯಲ್ಲಿ,
ಬೆನ್ನಿಗೆ ಸೋರೆಬುರುಡೆ ಕಟ್ಟಿ ಸೋದರಮಾವ ದೂಡಿದಾಗ.
ನನಗೆ ಬಿಂದಿಗೆ ಮುಳುಗಿಸಿ ಮಾತ್ರ ಗೊತ್ತು.
ಶುಕ್ರವಾರ ಬುಸೈತೀನ್ ದಂಡೆಯಲ್ಲಿ
ಐದು ಲೀಟರಿನ ಎರಡು ಖಾಲಿ ಕ್ಯಾನು ನನ್ನ ಬೆನ್ನಿಗೆ ಬಿಗಿದ.
ಚಹಾದಷ್ಟು ಬಿಸಿ ನೀರು. ಚೂಡಿದಾರ ಗಾಳಿ ಕುಡಿದು ಉಬ್ಬಿತು.
ಬಲೆ ಬಿಡಿಸುತ್ತಿದ್ದ ಮುದುಕ ಬಾಯ್ತುಂಬ ನಕ್ಕು,
ಮುರುಕು ಹಿಂದಿಯಲ್ಲಿ ಕೂಗಿ ಹೇಳಿದ:
ಇದೇ ಉಪ್ಪಿನ ತಳದಲ್ಲಿ ಸಿಹಿನೀರಿನ ಬುಗ್ಗೆಗಳಿದ್ದವು,
ಅವನಪ್ಪ ತೊಗಲಿನ ಚೀಲ ಹಿಡಿದು ಮುಳುಗಿ
ಕುಡಿಯುವ ನೀರು ತರುತ್ತಿದ್ದ.
ಗೊಲ್ಲಾಳ ಆ ಕಡೆಗೇ ನೋಡುತ್ತ ನಿಂತುಬಿಟ್ಟ,
"ಅಂದ್ರ ಸಮುದ್ರದಾಗೂ ಬಾವಿ ಅದ" ಎನ್ನುತ್ತ.
ನಾನು ಆ ಹೊತ್ತಿಗೆ ಸಾಕಷ್ಟು ಉಪ್ಪು ಕುಡಿದಿದ್ದೆ.

ಸಂಜೆ ಅತ್ತೆಯ ಫೋನು.
"ಏನರ ವಿಶೇಷ ಅದನವಾ?"
ಕಿವಿಯೊಳಗಿನ ನೀರು ಗುಳುಗುಳು ಅಂದಿತು.
"ಏನಿಲ್ರಿ ಅತ್ತಿ" ಅಂದೆ.
ಬಿಲ್ಲನ್ನು ಮಡಚಿ ದಿಂಬಿನ ಕೆಳಗೆ ಇಟ್ಟೆ,
ಅವರು ಅಲ್ಲಿಂದಲೇ ಓದಿಬಿಡುತ್ತಾರೇನೋ ಎಂಬಂತೆ.

ಮರುವಾರ ನೂರಾ ಮೂವತ್ತೊಂದಾಯಿತು.
"ತಡಿ, ಇಳೀತದ" ಅಂದ.
ಆಮೇಲೆ ನೂರಾ ಇಪ್ಪತ್ತೊಂಬತ್ತು.
"ನೋಡಿದ್ಯಾ?" ಅಂದ, ತಾನೇ ಇಳಿಸಿದವನ ಹಾಗೆ.

ನಿನ್ನೆ ಚೀಟಿ ಬಂತು.
ತಾರಸಿಯಲ್ಲಿ ಅವನು ಪೇಟೆಯ ಧಾರಣೆ ಬಲ್ಲ ದಲ್ಲಾಳಿಯ ಗತ್ತಿನಲ್ಲಿ
ಬೆರಳು ಎತ್ತಿ ಏನೋ ವಿವರಿಸುತ್ತಿದ್ದ.
ದೀಪ ಮಿಟುಕಿಸುತ್ತ ಒಂದು ಬಂತು, ತೀರ ಕೆಳಗೆ,
ಅವನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ.
ಆ ಸದ್ದಿನಲ್ಲಿ ನಾನು ಗುಂಡಿ ಒತ್ತಿದೆ.

"…ಮುಂದಿನ ವಾರ ನೋಡೂಣು ತಗೋ, ಅವಸರ ಏನದ?"

ಪಕ್ಕಪಕ್ಕದ ಸೀಟಿಗೆ ಮೂರು ದಿನಾರ್ ಹೆಚ್ಚು ಕೇಳಿತ್ತು, ಕೊಡಲಿಲ್ಲ.
ಅವನಿಗೆ ಹನ್ನೊಂದನೆಯ ಸಾಲು,
ನನಗೆ ಇಪ್ಪತ್ತೇಳು, ಕಿಟಕಿ.
ರೊಟ್ಟಿಯ ಗಂಟು ನನ್ನ ಹತ್ತಿರ ಇರುತ್ತದೆ.