ಏಳನೆಯ ಚೌಕ

ನಾನು ಕುಳ್ಳಿ. ಅದಕ್ಕೇ ರೆಕ್ಕೆಯ ಹೊಟ್ಟೆಯೊಳಕ್ಕೆ
ನನ್ನನ್ನೇ ತೂರಿಸುತ್ತಿದ್ದರು, ಬುಧವಾರ, ಶನಿವಾರ.
ಹೊರಗಿನಿಂದ ಎಗೋನ್ಸ್ ರಿವೆಟ್ ಹೊಡೆಯುವಾಗ
ಒಳಗಿನಿಂದ ಉಕ್ಕಿನ ಗಟ್ಟಿ ಒತ್ತಿಹಿಡಿಯುವುದು ನನ್ನ ಪಾಲು.
ಒಮ್ಮೆ ತಟ್ಟಿದರೆ ಇನ್ನೊಂದೇಟು,
ಎರಡು ಸಲ ತಟ್ಟಿದರೆ ಸಾಕು.
ಹನ್ನೊಂದು ವರ್ಷ ನಾವಿಬ್ಬರೂ ಆಡಿದ ಮಾತು
ಹೆಚ್ಚುಕಡಿಮೆ ಅಷ್ಟೇ.

ಜಲಾಂತರ್ಗಾಮಿಗಳನ್ನು ಹುಡುಕುವ ವಿಮಾನ, ನೆಪ್ಚೂನ್.
ತಾಸ್ಮನ್ ಕಡಲಂಚಿನ ಹುಲ್ಲಿನಲ್ಲಿ ಮೂವತ್ತಾರು ವರ್ಷ ನಿಂತು
ತಾನೇ ಕಳೆದುಹೋಗಿತ್ತು.
ಮೂಗಿನ ಗಾಜಿಗೆ ಪೊರೆ ಬಂದಿತ್ತು.
ಮುಳುಗಿದ ಕಬ್ಬಿಣವನ್ನು ಮೂಸುತ್ತಿದ್ದ ಬಾಲದ ಕೊಳವೆಯಲ್ಲಿ
ಮ್ಯಾಗ್ಪೈ ಸಂಸಾರ ಹೂಡಿತ್ತು,
ಗೂಡಿನ ತುಂಬ ನಮ್ಮದೇ ತಂತಿ ಚೂರು.
ಮರಿ ಬಲಿಯುವ ತನಕ ಬಾಲಕ್ಕೆ ಕೈ ಹಾಕಲಿಲ್ಲ.
ಹಾರುವ ಅಪ್ಪಣೆ
ಮೊದಲು ಸಿಕ್ಕಿದ್ದು ಅವಕ್ಕೇ.

ಸಾಸೇಜ್ ಸುಟ್ಟು ಮಾರಿ ಒಂದು ಟಯರು ತಂದೆವು.
ಹಾಲಿನ ಡೈರಿಗಳ ಊರು ನಮ್ಮದು;
ಸತ್ತ ಎಮ್ಮೆ ಹತ್ತು ಸೇರು ಕರೆಯುತ್ತಿತ್ತಂತೆ ಎಂದು
ಪಬ್ಬಿನಲ್ಲಿ ನಕ್ಕವರೇ
ಇನ್ನೊಂದು ಟಯರಿಗೂ ಕೊಟ್ಟರು.

ಲ್ಯಾನ್ಸ್ ಪೆಡ್ರಿಕ್ ಬರುತ್ತಿದ್ದುದು ಚಹಾ ಕಾಯಿಸಲು.
ಎಂಬತ್ತಾರು. ಸ್ಪ್ಯಾನರ್ ಹಿಡಿದರೆ ಕೈ ನಡುಗುತ್ತದೆ,
ಕೆಟಲ್ ಹಿಡಿದರೆ ಇಲ್ಲ.
ಇದೇ ಮೂಗಿನ ಗಾಜಿನಲ್ಲಿ ಕೂತು
ಒಂಬತ್ತು ವರ್ಷ ಸಮುದ್ರ ಕಾದವನು.
ಹಳೆಯ ದಾಖಲೆ ಪುಸ್ತಕದ ಪುಟಪುಟಕ್ಕೂ ಅವನ ಅಕ್ಷರ:
ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲ.
ನನಗೆ ನಗು ಬಂತು.
ಅವನೊಂದು ಪುಟ ತೆರೆದು ಹಿಡಿದ. ನಗಲಿಲ್ಲ.

ಅರವತ್ತೆಂಟರ ಜೂನ್. ಮೋಯ್ರಾ ಜೇನ್ ಎಂಬ ಮೀನುದೋಣಿ, ಮೂರು ಜನ.
ಕಡಲನ್ನು ಚೌಕ ಚೌಕವಾಗಿ ಹಂಚಿಕೊಂಡು ಹುಡುಕಿದ್ದರು.
ಏಳನೆಯ ಚೌಕದ ಎದುರಿಗೂ ಅದೇ ಎರಡು ಪದ.
ಹದಿನಾರು ದಿನ ಕಳೆದು ಅದೇ ಚೌಕದಲ್ಲಿ
ಟ್ರಾಲರಿನ ಬಲೆಗೆ ಸಿಕ್ಕಿದ್ದು
ಎರಡು ಹಲಗೆ, ಐಸ್ ಪೆಟ್ಟಿಗೆಯ ಮುಚ್ಚಳ.
"ನೀರಿನ ಮೇಲೆ ಬಿಸಿಲಿತ್ತು" ಅಂದ.
"ನೋಡುತ್ತಿದ್ದೆನೋ, ಸ್ಯಾಂಡ್‌ವಿಚ್ ತಿನ್ನುತ್ತಿದ್ದೆನೋ."
ಆಮೇಲೆ, ಸಕ್ಕರೆ ಎಷ್ಟು ಎಂದು ಕೇಳಿದ.

ಮೊದಲೆರಡು ಹಾರಾಟ ಪರೀಕ್ಷೆಯವು.
ಮೂರನೆಯದಕ್ಕೆ ಅವನನ್ನು ಇಬ್ಬರು ಎತ್ತಿ
ಮೂಗಿನೊಳಕ್ಕೆ ಇಳಿಸಿದೆವು.
ಎಡಗಡೆಯ ಎಂಜಿನ್ ಕೆಮ್ಮಿತು, ಸೀನಿತು,
ನಾಲ್ಕು ಮನೆಯ ಒಗೆದ ಬಟ್ಟೆ ಕಪ್ಪಾಗುವಷ್ಟು ಹೊಗೆ ಉಗುಳಿ
ಆಮೇಲೆ ಹದಿನೆಂಟು ಸಿಲಿಂಡರೂ ಒಂದೇ ದನಿಯಾದವು.
ಎಗೋನ್ಸ್ ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.
ನೆಲ ಬಿಟ್ಟಾಗ
ನಾನು ಒತ್ತಿದ ಒಂದೊಂದು ರಿವೆಟ್ಟೂ
ನನ್ನ ಹಲ್ಲಿನಲ್ಲಿ ನಡುಗಿತು.

ಕಾಗದದ ಮೇಲಿನ ದಾರಿ ಬಲಕ್ಕಿತ್ತು.
ಗ್ವೆಂಡಾ ಎಡಕ್ಕೆ ಹೊರಳಿಸಿದಳು, ಸಮುದ್ರಕ್ಕೆ.
ಯಾರೂ ಯಾಕೆಂದು ಕೇಳಲಿಲ್ಲ.
ನಾಲ್ಕು ನಿಮಿಷ ಹೆಡ್‌ಫೋನಿನಲ್ಲಿ ಅವನ ಉಸಿರು ಮಾತ್ರ.
ಸುರಂಗದ ಕೊನೆಯಲ್ಲಿ ಅವನ ನೆರೆತ ತಲೆ
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ,
ಸುಣ್ಣ ಬಳಿಯುವವನ ಕೈಯ ಹಾಗೆ,
ಒಂದು ಬೆರಳಗಲವೂ ಬಿಟ್ಟುಹೋಗದಂತೆ.

"ನೀರು" ಅಂದ.
ತುಸು ತಡೆದು, "ಇನ್ನೂ ನೀರು."
ಮತ್ತೆ ಎಷ್ಟೋ ಹೊತ್ತಿಗೆ,
"ಬಿಸಿಲು ಬಿದ್ದಿದೆ."

ಇಳಿದ ಮೇಲೆ ಎಂಜಿನ್ ಕೆಳಗೆ ಡಬ್ಬಗಳನ್ನಿಟ್ಟೆವು.
ಸೋರಿದರೆ ಹೆದರಬೇಡ, ಎನ್ನುತ್ತಾನೆ ಎಗೋನ್ಸ್,
ಸೋರದಿದ್ದರೆ ಎಣ್ಣೆಯೇ ಇಲ್ಲವೆಂದರ್ಥ.
ಹೊಸ ಪುಸ್ತಕದಲ್ಲಿ ಲ್ಯಾನ್ಸ್‌ನ ಸಾಲನ್ನು ಖಾಲಿ ಬಿಟ್ಟಿದ್ದೆ.
ಕೆಟಲ್ ಕೆಳಗಿಟ್ಟು, ಪೆನ್ನು ನಡುಗಿಸುತ್ತಲೇ ಬರೆದ,
ಒಂದೇ ಪದ:
ನೋಡಿದೆ.

ರೆಕ್ಕೆಯ ಕೆಳಗಿನಿಂದ ಯಾರೋ ಕೂಗಿದರು,
ಇನ್ನೊಂದು ಡಬ್ಬ ತನ್ನಿ.