ನಮ್ಮ ವಾಡಾ

ಹಬ್ಬುಗಳಿಗೆ ಹಬ್ಬುವಾಡಾ,
ಸೋನಾರರಿಗೆ ಸೋನಾರವಾಡಾ.
ನಮಗೆ?
ಕೋಡಿಬಾಗದ ಕಡೆಯಿಂದ ಎಣಿಸಿದರೆ
ಹಳೇ ಸೇತುವೆಯ ಎರಡನೇ ಕಂಬದ ಬುಡ,
ಅದೂ ಇಳಿತದ ಹೊತ್ತು ಮಾತ್ರ.
ಭರತಿ ಬಂದರೆ ವಾಡಾ ಇಲ್ಲ.

ಇನಾಸ ಬರುತ್ತಿದ್ದ
ಐಸ್ ಫ್ಯಾಕ್ಟರಿಯ ಪಾಳಿ ಮುಗಿಸಿ,
ಬೆರಳು ಇನ್ನೂ ತಣ್ಣಗೆ.
ಸದಾಶಿವಗಡದ ದರ್ಜಿ ಉಲ್ಲಾಸಣ್ಣ
ಡಬ್ಬಿಯಲ್ಲಿ ತಿಸ್ರೆ ಸುಕ್ಕೆ ತರುತ್ತಿದ್ದ.
ಹೆಂಡತಿ ಮಾಡಿದ್ದು; ಏನೂ ಕೇಳದೆ
ಮೂರು ಪಾಲು ಹಾಕುತ್ತಿದ್ದಳು.

ಸೇತುವೆ ಬಿದ್ದ ಬೆಳಗ್ಗೆ
ಊರಿಗೆ ಊರೇ ಕಾಳಿಯ ದಂಡೆಗೆ ಬಂದು
ಲಾರಿ, ಲಾರಿ ಅನ್ನುತ್ತಿತ್ತು.
ನಾವು ಮೂವರೂ ಇದ್ದೆವು, ಮೊದಲ ಸಲ ಹಗಲಲ್ಲಿ,
ಗುರುತಿಲ್ಲದವರ ಹಾಗೆ ದೂರ ದೂರ.

ಇನಾಸ ಜನ ಸರಿಸಿ ಬಂದ.
"ಕಂಬ ಉಂಟೋ?" ಎಂದು ಕೇಳಿದ,
ಎಲ್ಲರೆದುರು,
ನನ್ನ ಭುಜ ಹಿಡಿದು.