ಚುಕ್ಕಿಗೆ ಮುನ್ನೂರು

ಹಳೇ ಪರದೆಗೆ ಪೊರೆ ಬಂದಿತ್ತು.
ಎಡ ಮೂಲ್ಯಾಗ ನೇರಳೆ ಕಲೆ, ನಡುವೆಲ್ಲ ಮಬ್ಬು.
ಅದರಾಗ ಕಣ್ಣು ಕಿರಿದು ಮಾಡಿ ಮಾಡಿ
ಇನ್ನೂರೈವತ್ತು ಲಗ್ನಪತ್ರಿಕ್ಯಾಗ
ಧಕಾರದ ಹೊಟ್ಟಿ ಸೀಳೋದು ಮರೆತೆ.
'ವದು' ಅಂತ ಅಚ್ಚಾಯಿತು.
ಹುಡುಗಿಯ ಸೋದರಮಾವ ಬೀರಣ್ಣ ಮಾಸ್ತರು
ಕೆಂಪು ಪೆನ್ನಿಲೆ ಒಂದೇ ಒಂದು ಸುತ್ತು ಹಾಕಿ
ಗಂಟು ಟೇಬಲ್ ಮ್ಯಾಲ ಇಟ್ಟು ಹೋದರು.
ಬೈಲಿಲ್ಲ. ಬೈದಿದ್ದರ ಛಲೋ ಇತ್ತು.

ನಾಕು ಸಾವಿರ ಇತ್ತು ನನ್ನ ಹತ್ತಿರ.
ಅಕ್ಕಲಕೋಟದಿಂದ ಸೋಲಾಪುರಕ್ಕ ಎಸ್ಟಿ,
ಹೆಂಗಸರಿಗೆ ಅರ್ಧ ತಿಕೀಟು.
ಉಳಿದರ್ಧ ಬರುವಾಗ ಲಗೇಜಿಗಿ ಅಂತ ಬ್ಯಾರೆ ಮಡಚಿಟ್ಟೆ.

ನವೀ ಪೇಠದಾಗ, ಮಹಡಿ ಮ್ಯಾಲ, ಅಂಬಾದಾಸ ಗುಂಡ್ಲಾ ಅವರ ಅಂಗಡಿ.
ಮುಂದ ಹೊಸಾವು, ಹಾಳಿ ಸುತ್ತಿಕೊಂಡು,
ಒಂಬತ್ತು ಸಾವಿರದ ಕೆಳಗ ಮಾತೇ ಆಡದವು.
ಹಿಂದ ಗ್ವಾಡಿಗಿ, ಪುಣೆದ ಯಾವುದೋ ಕಂಪನಿ ಬಿಟ್ಟವು,
ಬೆನ್ನಿಗೆ ನಂಬರ್ ಚೀಟಿ,
ದವಾಖಾನಿ ಪಾಳಿಯಾಗ ಕುಂತವರಂಗ.

ಗುಂಡ್ಲಾ ಒಂದಕ್ಕ ಗಿಣಿ ಹಚ್ಚಿದರು.
ಕೆಂಪು ಗಿಣಿ, ನೀಲಿ ಗಿಣಿ, ಹಿಮದ ಗುಡ್ಡ, ಸಮುದ್ರ.
ಗಿಣಿ ಬ್ಯಾಡ್ರಿ, ಇದು ತೆಗೀರಿ ಅಂತ
ಪೆನ್ ಡ್ರೈವ್ ಕೊಟ್ಟೆ.
ಎಂಟು ಪಾಯಿಂಟಿನಾಗ ದ ಧ, ಬ ಭ, ಪ ಷ,
ಕೆಳಗ ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ.

ಇಪ್ಪತ್ನಾಕು ಇಂಚಿನದು: ದೊಡ್ಡ ಮೈ,
ಒತ್ತಕ್ಷರ ಮಾತ್ರ ಊದಿಕೊಂಡು ಒಂದರ ಕಾಲು ಒಂದು ತುಳಿದಿದ್ದವು.
ಇನ್ನೊಂದು ನೆಟ್ಟಗ ನೋಡಿದರ ಕಪ್ಪು,
ಮಗ್ಗಲಿಗೆ ಸರಿದರ ಬೂದಿ.
ನನ್ನ ಗಿರಾಕಿಗಳು ಕೂಡೋದೇ ಇಲ್ಲ,
ಹೆಗಲ ಮ್ಯಾಲಿಂದ ಬಗ್ಗಿ
'ಕಾಕಾನ ಹೆಸರು ಮಾವನಕಿಂತ ಮ್ಯಾಲ ಹಾಕು' ಅಂತಾರ.
ಅವರಿಗಿ ಬೂದಿ ತೋರಿಸಿ ರೊಕ್ಕ ಕೇಳಲೇನು?

ಮೂರನೇದರಾಗ ಧಕಾರದ ಸೀಳು
ಕೂದಲೆಳಿಯಂಗ ಕಂಡಿತು.
ಆದರ ಮ್ಯಾಲಂಚಿಗೆ, ನಟ್ಟನಡುವ,
ಸತ್ತ ಚುಕ್ಕಿ ಒಂದು. ಸಾಸಿವಿಗಿಂತ ಸಣ್ಣದು.
'ಅದೇನೂ ಅಲ್ಲ, ನಾಕು ಸಾವಿರದ ನೂರು' ಅಂದರು ಮರಾಠಿಯಾಗ.
ನಾನೂ ಮರಾಠಿಯಾಗೇ ಅಂದೆ:
ಕನ್ನಡಕ್ಕ ನಡೀತದ್ರಿ, ನಮ್ಮ ಸೊನ್ನಿ ದುಂಡಗ ಹೊಟ್ಟಿತುಂಬ ಇರತದ,
ಇಂಥಾ ಚುಕ್ಕಿ ನಮಗ ನೊಣದ ಹಿಕ್ಕಿ.
ನಿಮ್ಮ ಅಕ್ಷರದ ತಲಿ ಮ್ಯಾಲ ಬಿತ್ತಂದ್ರ
ಒಂದು ಮನಿ ಹತ್ತು ಮನಿ ಆಗ್ತಾವ.
ಪಂಚಾಯ್ತಿ ಮನಿಪಟ್ಟಿ ಅಚ್ಚು ಹಾಕಾಕಿ ನಾನು,
ತೆರಿಗಿ ಯಾರು ಕಟ್ಟಬೇಕು?

ಪರದೆ ಚುಕ್ಕಿ ಕಾಗದಕ್ಕ ಇಳಿಯಂಗಿಲ್ಲ.
ಅವರಿಗೂ ಗೊತ್ತು, ನನಗೂ ಗೊತ್ತು.
ನಕ್ಕು ಮುನ್ನೂರು ಬಿಟ್ಟರು.

ಬಂದ್ ಮಾಡೂ ಮುಂದ ನನ್ನ ಅಕ್ಷರ ನೋಡಿ
'ನಮ್ಮಜ್ಜನ ಪತ್ರದಂಗದ ಇದು, ತೆಲುಗೇನು?' ಅಂದರು.
ಅಕ್ಕ-ತಂಗಿ, ಅಂದೆ.
'ಪತ್ರ ಪೆಟಿಗ್ಯಾಗ ಅದಾವ. ಓದಾಕ ಮನಿಯಾಗ ಯಾರೂ ಇಲ್ಲ.'
ಧ ಮ್ಯಾಲ ಬೆರಳು ಇಟ್ಟರು, ಕಲೆ ಬಿತ್ತು,
ಅಂಗಿ ತುದಿಲೆ ಒರೆಸಿದರು.
ಅದಕ್ಕೇನೂ ರಿಯಾಯತಿ ಇರಲಿಲ್ಲ.

ಒಂದು ಮಾತು ನಾನು ಹೇಳಲಿಲ್ಲ.
ಅದರ ಕುತ್ತಿಗಿ ತಿರುಗತದ ಅನ್ನೋದು.
ಮನಿಗಿ ಬಂದು ಹೊಳ್ಳಿಸಿದೆ,
ಮಲಗಿದ್ದು ಎದ್ದು ನಿಂತಿತು.
ಗಣಪತಿಯಿಂದ ಹಿಡಿದು ಬುಡಕಿನ
'ನಮ್ಮ ಮಾಮಾನ ಮದುವಿಗಿ ತಪ್ಪದೇ ಬರ್ರಿ' ತನಕ
ಪೂರಾ ಪತ್ರಿಕಿ ಒಂದೇ ನೋಟದಾಗ.
ತಲಿ ಮ್ಯಾಲಿನ ಚುಕ್ಕಿ ಬಲಗಡಿ ಅಂಚಿಗಿ ಹೋತು,
ಯಾರೂ ಏನೂ ಬರೀದ ಜಾಗಕ್ಕ.

ಹೋದ ವಾರ ಅದೇ 'ವದು' ಬಂದಿದ್ದಳು,
ಬಗಲಾಗ ಕೂಸು. ಹೆಸರಿಡೋ ಪತ್ರಿಕಿ ಬೇಕಂತ.
ಗುಡ್ಡಾಪುರಕ್ಕ ಹರಕಿ ಹೊತ್ತು ಹುಟ್ಟಿದ್ದು, ದಾನಮ್ಮ ಅಂತ ಇಡತೀವಿ ಅಂದಳು.
ನಾನು ದಕಾರ ಹೊಡೆದೆ.
ಆಕಿ ಮಗ್ಗಲಿಗೆ ನಿಂತು, ಬಗ್ಗಿ,
ಬಾಳ ಹೊತ್ತು ನೋಡಿದಳು.
'ಇದಕ್ಕ ಸೀಳಬ್ಯಾಡ ಮತ್ತ' ಅಂದಳು.